ಹುಳದ ಮನೆಗೆ ಕಡಲಕುದುರೆ

ನಮ್ಮ ನಡುಮನೆಯಲ್ಲಿ ಕ್ಯಾಲೆಂಡರ್ ಇರಬೇಕಾದ ಮೊಳೆಗೆ ಮೊನ್ನೆ ಮೊನ್ನೆಯವರೆಗೂ ಒಂದು ಥರ್ಮಾಮೀಟರ್ ನೇತುಹಾಕಿದ್ದೆ. ಬಾಯಲ್ಲಿಟ್ಟುಕೊಂಡು ಜ್ವರ ನೋಡುವಂಥದ್ದಲ್ಲ. ಅಂಗೈ ಅಗಲದ ಹಲಗೆಯ ಮೇಲೆ ಜೋಡಿಯಾಗಿ ನಿಂತ ಎರಡು ಗಾಜಿನ ಕೊಳವೆಗಳು. ಒಂದರ ಬುಡಕ್ಕೆ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಪುಟ್ಟ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ರೇಷ್ಮೆ ಹುಳು ಸಾಕುವವರ ಮನೆಗಳಲ್ಲಿ ನೀವಿದನ್ನು ನೋಡಿರಬಹುದು. ಬಂದವರು ತಾರೀಖು ನೋಡಲು ತಲೆಯೆತ್ತಿ, ಇದನ್ನು ಕಂಡು, "ಯಾರ್ಗಾರ ಉಸಾರಿಲ್ವಾ?" ಎಂದು ಕೇಳುತ್ತಿದ್ದರು. ನನ್ನ ಹೆಂಡತಿ ರತ್ನ ಅಡುಗೆಮನೆಯಿಂದಲೇ, "ಇವ್ರಿಗೇಯ" ಎಂದು ಉತ್ತರ ಕೊಡುತ್ತಿದ್ದಳು.

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಕೊಳ್ಳೇಗಾಲದ ಒಂದು ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು, ನಿವೃತ್ತನಾಗಿ, ಒಂದು ಕಡೆ ಕೂರುವುದನ್ನೇ ಮರೆತಿದ್ದೆ. ಪೇಪರನ್ನು ನಿಂತೇ ಓದುತ್ತಿದ್ದೆ. ಕಾಫಿ ಲೋಟ ಹಿಡಿದು ಬೀದಿ ಬಾಗಿಲಿಗೆ ಹೋಗಿ, ಹೋಗಿ ಬರುವ ಬಸ್ಸುಗಳ ಬೋರ್ಡು ಓದಿ, ಹಿತ್ತಲಿಗೆ ಹೋಗಿ, ಅಲ್ಲಿ ಏನು ಕೆಲಸವಿತ್ತೆಂದು ಯೋಚಿಸಿ ವಾಪಸು ಬಂದರೆ ಲೋಟ ಎಲ್ಲಿಟ್ಟೆನೆಂಬುದು ಮರೆತಿರುತ್ತಿತ್ತು. ಆಗ ಮೊಳೆಯ ಮುಂದೆ ನಿಂತು ಥರ್ಮಾಮೀಟರ್ ನೋಡುತ್ತಿದ್ದೆ. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ.

ಈ ಥರ್ಮಾಮೀಟರ್ ನನ್ನದಲ್ಲ, ನಮ್ಮಕ್ಕನದು. ಅಕ್ಕ ಇರುವುದು ಯಳಂದೂರಿನ ಕಡೆಯ ಮಾಂಬಳ್ಳಿಯಲ್ಲಿ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಮಗಳ ಹೊಲಿಗೆ ಮಿಷನ್ನಿನ ಸದ್ದು, ಒಟ್ಟಿನಲ್ಲಿ ತುಂಬಿದ ಮನೆ. ಮನೆಯ ಹಿಂದೆ ಹೆಂಚಿನ ಮಾಡಿನ, ಮಣ್ಣುಗೋಡೆಯ ಉದ್ದನೆಯ ಹುಳದ ಮನೆ. ನಲವತ್ತು ವರ್ಷ ಅಕ್ಕ ಅಲ್ಲಿ ಹುಳು ಸಾಕಿದಳು. ಹೋದ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ತಟ್ಟೆ ಎತ್ತಿ ಇಳಿಸುವ ಕೆಲಸ ಇನ್ನು ಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅಕ್ಕ ಬಿದಿರಿನ ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನೂ ಪಕ್ಕದ ಬೀದಿಯವರಿಗೆ ಕೊಟ್ಟು, ಥರ್ಮಾಮೀಟರನ್ನು ನನ್ನ ಕೈಗೆ ಹಾಕಿದಳು.

"ತಕಂಡೋಗ್ಲಾ. ಇನ್ ಕಾವು ಏಟಿದ್ರೆ ನಂಗೇನು" ಎಂದಳು.

ಆಮೇಲೆ ನಾನು ಮಾಂಬಳ್ಳಿಗೆ ಹೋದಾಗಲೆಲ್ಲ ಒಂದು ವಿಷಯ ಗಮನಿಸುತ್ತ ಬಂದೆ. ಹನ್ನೊಂದು ಗಂಟೆಯಾಗುತ್ತಲೇ ಅಕ್ಕ ಮಾತಿನ ಮಧ್ಯದಲ್ಲಿ ಎದ್ದುಬಿಡುತ್ತಿದ್ದಳು. ನಲ್ಲಿಯಲ್ಲಿ ಕೈಕಾಲು ತೊಳೆದು, ಹಿಂದಕ್ಕೆ ನಡೆದು, ಹುಳದ ಮನೆಯ ಬಾಗಿಲು ತೆಗೆಯುತ್ತಿದ್ದಳು. ಖಾಲಿ ಕೋಣೆಯನ್ನು ಒಂದು ಗಳಿಗೆ ನೋಡಿ ಬಾಗಿಲು ಹಾಕಿಕೊಂಡು ಬರುತ್ತಿದ್ದಳು. ಮತ್ತೆ ನಾಲ್ಕು ಗಂಟೆಗೆ ಅದೇ. ಹುಳುವಿಗೆ ಸೊಪ್ಪು ಹಾಕುತ್ತಿದ್ದ ಹೊತ್ತುಗಳವು. "ಏನಕ್ಕ?" ಎಂದರೆ "ಏನಿಲ್ಲ ಕಣ್ಲಾ" ಎನ್ನುವಳು. ಅನ್ನವನ್ನೂ ಸರಿಯಾಗಿ ತಿನ್ನುತ್ತಿಲ್ಲ ಎಂದು ಅವಳ ಮಗಳು ನನ್ನ ಬಳಿ ಹೇಳಿದಳು. ಅಕ್ಕನಿಗೆ ಸಾಕಲು ಏನಾದರೊಂದು ಬೇಕು, ಅದನ್ನು ನಾನೇ ಹುಡುಕಿಕೊಡಬೇಕು ಎಂದು ತೀರ್ಮಾನಿಸಿದೆ. ಹಸು, ಕೋಳಿ ಎಂದು ನೀವು ಹೇಳುತ್ತೀರಿ. ಹಸುವನ್ನು ಕಟ್ಟಿ ಬಿಚ್ಚಲೂ ಭುಜ ಬೇಕಲ್ಲ! ಕೋಳಿಗೆ ಅಕ್ಕನ ಹಂಗೇ ಇಲ್ಲ, ಬೀದಿಯಲ್ಲಿ ಮೇದುಕೊಂಡು ಬರುತ್ತದೆ.

ಇಲ್ಲಿ ನಮ್ಮ ಲ್ಯಾಬಿನ ವಿಷಯ ಹೇಳಬೇಕು. ಗೋಡೆ ಬೀರುವಿನ ಎರಡನೇ ಸಾಲಿನಲ್ಲಿ ಒಂದು ಗಾಜಿನ ಜಾಡಿ, ಜಾಡಿಯೊಳಗೆ ಫಾರ್ಮಲಿನ್ನಿನಲ್ಲಿ ಒಂದು ಕಡಲಕುದುರೆ. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಮೈ ನೆಟ್ಟಗೆ, ಕತ್ತು ಬಾಗಿ, ಬೈಸಿಕೊಂಡ ಹುಡುಗನ ಹಾಗೆ ಗದ್ದ ಎದೆಗೆ ಒತ್ತಿಕೊಂಡು ನಿಂತಿತ್ತು. ಪ್ರತಿ ವರ್ಷ ಹೊಸ ಹುಡುಗರು ಬಂದು, "ಸಾ, ಇದು ನಿಜ್ವಾದ್ ಪ್ರಾಣಿನಾ, ಪ್ಲಾಸ್ಟಿಕ್ಕಾ?" ಎಂದು ಕೇಳುವರು. ಜಾಡಿಯ ನೀರು ಇಳಿದಾಗ ತುಂಬಿಸುವುದು ನನ್ನ ಕೆಲಸ. ಮೂವತ್ತು ವರ್ಷ ತುಂಬಿಸಿದೆ. ಅದು ಯಾವತ್ತಾದರೂ ಕತ್ತು ಎತ್ತಿ ನನ್ನನ್ನು ನೋಡೀತು ಎಂದು ಯಾಕೋ ಅನ್ನಿಸುತ್ತಿತ್ತು. ಸಮುದ್ರವನ್ನು ಜೀವಮಾನದಲ್ಲಿ ಒಂದೇ ಸಲ ನೋಡಿದವನು ನಾನು, ಅದೂ ಪ್ಯಾಂಟು ಮಡಿಚಿಕೊಂಡು, ಮೊಣಕಾಲವರೆಗೆ ಮಾತ್ರ.

ಒಂದು ಮಧ್ಯಾಹ್ನ ಫೋನಿನಲ್ಲಿ ಜೀವಂತ ಕಡಲಕುದುರೆ ಕಂಡಿತು. ಬಾಲವನ್ನು ಹುಲ್ಲಿನ ಕಡ್ಡಿಗೆ ಸುತ್ತಿಕೊಂಡು ಒಂದು ಕಣ್ಣನ್ನು ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ಹೊರಳಿಸುತ್ತಿತ್ತು. ವಿವರಿಸುತ್ತಿದ್ದವನು ಹೇಳಿದ: ಇದಕ್ಕೆ ಜಠರವೇ ಇಲ್ಲ, ತಿಂದದ್ದು ನಿಲ್ಲುವುದಿಲ್ಲ, ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಮೇವು ಕೊಡಲೇಬೇಕು, ನೀರು ಇಪ್ಪತ್ತೈದು ಡಿಗ್ರಿ ದಾಟಬಾರದು, ಶೆಖೆಯಾದರೆ ಸಾಯುತ್ತದೆ. ನಾನು ಎದ್ದು ನಿಂತೆ ಎಂದು ಬರೆಯಬೇಕು, ಆದರೆ ಮೊದಲೇ ನಿಂತಿದ್ದೆ. ದಿನವಿಡೀ ತಿನ್ನುವ, ಇಪ್ಪತ್ತೈದು ಡಿಗ್ರಿಯಲ್ಲಿ ಬದುಕುವ, ಸದ್ದಿಲ್ಲದ ಪ್ರಾಣಿ! ಇದು ರೇಷ್ಮೆ ಹುಳುವಿನ ಸ್ವಂತ ದಾಯಾದಿ. ನಮ್ಮಕ್ಕನ ಕೈಗಾಗಿ ಕಾಯುತ್ತ ಕಡಲಲ್ಲಿ ಕುಳಿತಿದೆ ಎಂದು ನನಗೆ ಖಾತ್ರಿಯಾಯಿತು.

ತೊಟ್ಟಿ ಹುಡುಕಲು ಹೊರಟೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣದ ಮೀನು ಮಾರುವ ಒಂದು ಅಂಗಡಿಯಿದೆ. ಅಂಗಡಿಯವನು ಮೊದಲು ಒಂದು ಗುಂಡು ಬಟ್ಟಲು ತೋರಿಸಿದ. ಸಣ್ಣ ಚೆಂಬಿನ ನೀರು ಬೇಗ ಕಾಯುತ್ತದೆ, ಬೇಡ ಎಂದೆ. ದೊಡ್ಡ ತೊಟ್ಟಿ ತೋರಿಸಿದ. ನೀರು ಬದಲಾಯಿಸಲು ಕೊಡಗಟ್ಟಲೆ ಹೊರಬೇಕು, ಅಕ್ಕನ ಭುಜ ಕೇಳುವುದಿಲ್ಲ, ಬೇಡ ಎಂದೆ. ಅಗಲವಾದದ್ದು ತೋರಿಸಿದ. ಕುದುರೆ ನೆಟ್ಟಗೆ ನಿಂತು ಈಜುವ ಪ್ರಾಣಿ, ಎತ್ತರ ಬೇಕು ಎಂದೆ. ದೀಪ ಬೇಡ, ಅದರಿಂದ ಕಾವು. ಒಳಗೆ ಮುಳುಗುವ ಮೋಟಾರೂ ಬೇಡ, ಅದರಿಂದಲೂ ಕಾವು. ನೀರು ತಣ್ಣಗಿಡುವ ಮಿಷನ್ನು ಒಂದಿದೆಯಂತೆ, ಅದರ ಬೆಲೆಯನ್ನೂ ಕೇಳಿದೆ. ಇಲ್ಲಿ ಬರೆಯುವುದಿಲ್ಲ, ಇದನ್ನು ರತ್ನ ಓದುತ್ತಾಳೆ. ಹೀಗೆ ಆರು ಸಲ ಹೋಗಿ ಬಂದೆ.

ಏಳನೆಯ ಸಲ ಅಂಗಡಿಯವನು ಸ್ಟೂಲು ಎಳೆದು ಹಾಕಿದ. "ಎಣ್ಣು ನೋಡಕ್ ಬಂದಂಗ್ ಬತ್ತಿದ್ದೀರಲ್ಲ ಸಾ. ಒಂದಾರ ಒಪ್ಕಳಿ. ನಾನೂ ಆ ಕುದ್ರೆಯ ಕಣ್ಣಲ್ ಕಂಡಿಲ್ಲ. ಮೊದ್ಲು ನೀರ್ ತಂಪ್ ಮಾಡ್ಕಳಿ, ಮೋಲಿ ಮೀನ್ ಬುಡಿ, ಅವು ನಿಧಾನುಕ್ ಉಪ್ನೀರ್ಗೂ ಒಗ್ಗತವೆ. ಅವು ಬದುಕುದ್ರೆ ಆಮೇಲ್ ಕುದ್ರೆ ಮಾತಾಡವ."

ನಾನು ಸ್ಟೂಲಿನ ಮೇಲೆ ಕೂರದೆ, ಮೊಣಕಾಲಿನಷ್ಟು ಎತ್ತರದ, ಮಗ್ಗಿನಲ್ಲಿ ಮೊಗೆದರೂ ಬೇಗ ಖಾಲಿಯಾಗುವ ಒಂದು ತೊಟ್ಟಿಯನ್ನು ಒಪ್ಪಿಕೊಂಡೆ.

ಈಗ ಅಕ್ಕನನ್ನು ಒಪ್ಪಿಸಬೇಕಿತ್ತು. ನಿನಗಾಗಿ ತಂದೆ ಎಂದರೆ ಅವಳು ಹೊಸ್ತಿಲೊಳಕ್ಕೆ ಬಿಡುವವಳಲ್ಲ. ನನಗಾಗಿ, ನಿನ್ನ ಜಾಗ ಮಾತ್ರ ಸಾಲ ಕೊಡು ಎನ್ನಬೇಕು. ಅವಳ ಹುಳದ ಮನೆಯಷ್ಟು ತಂಪು ಬೇರೆಲ್ಲೂ ಸಿಗಲಿಲ್ಲ ಎನ್ನಲು ಸಾಕ್ಷಿ ಬೇಕಲ್ಲ. ಆದ್ದರಿಂದ ಥರ್ಮಾಮೀಟರನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ಏಪ್ರಿಲ್ಲಿನ ಬಿಸಿಲಿನಲ್ಲಿ ಬಸ್ಸು ಹತ್ತಿದೆ. ನಮ್ಮ ನಡುಮನೆಯಲ್ಲಿ ಮಧ್ಯಾಹ್ನ ಮೂವತ್ತಾರು. ಹನೂರು ಬಸ್‌ಸ್ಟ್ಯಾಂಡಿನ ನೆರಳಿನಲ್ಲೂ ಮೂವತ್ತಾರು. ಕೌದಳ್ಳಿಯ ಅಂಗಡಿ ಜಗಲಿಯ ಮೇಲೆ ಹಲಗೆ ನೇತುಹಾಕಿಕೊಂಡು ನಿಂತಿದ್ದಾಗ ನಾಲ್ಕು ಜನ ಸೇರಿ, ನಾನು ಹವಾಮಾನ ಇಲಾಖೆಯವನೆಂದು ತಿಳಿದು, ಮಳೆ ಯಾವತ್ತು ಎಂದು ಕೇಳಿದರು. ಇಲ್ಲವೆನ್ನಲು ಮನಸ್ಸಾಗದೆ ಸೋಮವಾರ ಎಂದು ಹೇಳಿ ಬಸ್ಸು ಹತ್ತಿದೆ. ಇನ್ನೊಂದು ದಿನ ಟಿಬೆಟಿನವರ ಕಾಲೊನಿಯಿರುವ ಒಡೆಯರಪಾಳ್ಯಕ್ಕೆ ಹೋದೆ. ಅಲ್ಲಿ ಟೀ ಅಂಗಡಿಯ ಟಿಬೆಟಿನ ಅಮ್ಮ ನನ್ನನ್ನೇ ನೋಡುತ್ತಿದ್ದವರು ಸ್ವಚ್ಛ ಕನ್ನಡದಲ್ಲಿ ಕೇಳಿದರು:

"ಯಾರಿಗೋಸ್ಕರ ಅಳೀತಾ ಇದ್ದೀರಿ?"

"ಕುದುರೆಗೆ."

"ಕುದುರೆ ಎಲ್ಲಿದೆ?"

"ಸಮುದ್ರದಲ್ಲಿ."

ಅವರು ಮತ್ತೇನೂ ಕೇಳದೆ ನನ್ನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದರು. ಅಲ್ಲಿ ಮೂವತ್ತೊಂದಿತ್ತು.

ಅಕ್ಕನ ಹುಳದ ಮನೆಯಲ್ಲಿ, ಹುಳು ಸಾಕುವುದು ನಿಂತು ವರ್ಷವಾಗಿದ್ದರೂ, ಮೂವತ್ತು. "ನೋಡಕ್ಕ, ಮೂರು ತಾಲ್ಲೂಕು ಸುತ್ತಿ ಬಂದಿವ್ನಿ. ನಿನ್ ಮನೆಯಷ್ಟು ತಂಪು ಎಲ್ಲೂ ಇಲ್ಲ. ನನ್ ಮೀನ್ ತೊಟ್ಟಿಗ್ ಒಸಿ ಜಾಗ ಕೊಡು" ಎಂದೆ. ಅಕ್ಕ ಹಲಗೆಯನ್ನು ಇಸಿದುಕೊಂಡು, ಒಣಗಿದ ಬತ್ತಿ ನೋಡಿದಳು.

"ಬತ್ತಿಗ್ ನೀರೇ ಇಲ್ದೆ ಊರೆಲ್ಲ ಸುತ್ತಿದ್ದೀಯಲ್ಲೋ ದಡ್ಡ" ಎಂದು ಬಟ್ಟಲಿಗೆ ನೀರು ಹಾಕಿದಳು. ಅಷ್ಟರಲ್ಲೇ ಅವಳ ಕಣ್ಣು ಕಿಟಕಿಗಳನ್ನು ಎಣಿಸುತ್ತಿತ್ತು. "ಮೂವತ್ತೆಲ್ಲ ಎಚ್ಚಾಯ್ತು. ಗೋಣಿ ಚೀಲ ಕಟ್ಟುದ್ರೆ ಇಪ್ಪತ್ತಾರಕ್ ಇಳುಸ್ಬೋದು."

ಆಮೇಲೆ ನನ್ನದೇನೂ ಉಳಿಯಲಿಲ್ಲ. ಕಿಟಕಿಗಳಿಗೆ ಒದ್ದೆ ಗೋಣಿ ಬಂತು. ನೆಲಕ್ಕೆ ಮರಳು ಹರಡಿ ನೀರು ಚಿಮುಕಿಸಿದ್ದಾಯಿತು. ಹುಳದ ಸ್ಟ್ಯಾಂಡಿಗೆ ಮಾಡುವಂತೆ, ತೊಟ್ಟಿಯಿಟ್ಟ ಗಿಡ್ಡ ಮೇಜಿನ ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲು. ನೀರಿನ ಮೇಲೆ ಗಾಳಿಯಾಡಲು ಮೊಮ್ಮಗಳ ಪುಟ್ಟ ಫ್ಯಾನು. ಒಳಗೆ ಬರುವವರು ಕಾಲು ತೊಳೆಯಬೇಕು. ಬೀಡಿ ಸೇದಿದವರು, ಊದುಬತ್ತಿ ಮುಟ್ಟಿದವರು ಬರಕೂಡದು. ನಾನು ಸೆಂಟು ಹಾಕಿಕೊಂಡು ಹೋಗಿದ್ದ ದಿನ ಅರ್ಧ ಗಂಟೆ ಹೊರಗೇ ನಿಲ್ಲಿಸಿದಳು. ನಮ್ಮ ಹುಡುಗುತನದಲ್ಲಿ ಅವ್ವ ಹೀಗೇ ನಿಲ್ಲಿಸುತ್ತಿದ್ದಳು. ಆಗ ಮನೆಯಲ್ಲಿ ಎಲ್ಲ ಕಟ್ಟಳೆಯೂ ಹುಳುವಿನದೇ. ನಮ್ಮ ಊಟ ತಡವಾಗಬಹುದು, ಹುಳುವಿನದು ಆಗಕೂಡದು. ಬಿಡುವು ಸಿಗುತ್ತಿದ್ದದ್ದು ಹುಳು ಜ್ವರಕ್ಕೆ ಕೂತ ದಿನ ಮಾತ್ರ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಒಂದು ದಿನ ಅಲ್ಲಾಡದೆ ಇರುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವತ್ತು ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಅವ್ವ ತಲೆಗೆ ನೀರು ಹಾಕಿಕೊಳ್ಳುವಳು. ಅಕ್ಕ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು ನನ್ನನ್ನು ಕರೆಯುವಳು. ಹುಣಸೆ ಬೀಜ ಬಿಡುವಾಗ ಮೋಸ ಮಾಡುವಳು. ನಾನು ಸೋತು ಕಿರುಚಲೂ ಆಗದೆ, ಹುಳು ಬೆದರುತ್ತವೆಂದು, ಬಾಯಿ ಮುಚ್ಚಿಕೊಂಡು ಅಳುತ್ತಿದ್ದೆ.

ಎಲ್ಲಿದ್ದೆ? ಹಾಂ, ತೊಟ್ಟಿ. ಮೂರನೆಯ ದಿನಕ್ಕೆ ನೀರು ಇಪ್ಪತ್ತೈದಕ್ಕೆ ಬಂದು ನಿಂತಿತು. ಮಾತಿಗೆ ಹೇಳುವುದಲ್ಲ, ನೀರಿಗೆ ಇಳಿಬಿಡುವ ಇನ್ನೊಂದು ಥರ್ಮಾಮೀಟರಿನಲ್ಲಿ ನೋಡಿದ್ದು. ಅಕ್ಕ ಅದನ್ನು ನಂಬದೆ ಮೊಣಕೈ ಅದ್ದಿ ನೋಡಿ, "ಅದೆ, ಅದೆ, ಇಪ್ಪತ್ತೈದೇ ಅದೆ" ಎಂದಳು. ಮೋಲಿ ಮೀನು ಆರು ತಂದು ಬಿಟ್ಟೆ. ಅವತ್ತು ಅಕ್ಕ ಎರಡು ಮುದ್ದೆ ಉಂಡಳಂತೆ.

ಮರುದಿನ ಬೆಳಿಗ್ಗೆ ಆರೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ನಾನು ಕೂಗಾಡಿದೆ. ಅಕ್ಕ ಕೂಗಾಡಲಿಲ್ಲ. ತೊಟ್ಟಿಯ ತಳದ ಮರಳನ್ನು ಒಂದು ಹಿಡಿ ತೆಗೆದು ಮೂಸಿದಳು.

"ಬ್ಲೀಚಿಂಗು ಕಣ್ಲಾ. ನಾನೇ ಆಕಿದ್ದು."

ಪ್ರತಿ ಸಲ ಹೊಸ ಹುಳು ಬರುವ ಮುಂಚೆ ಮನೆ, ತಟ್ಟೆ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು ಒಣಗಿಸುವುದು ಅವಳ ಪದ್ಧತಿ. ಹೊಸ ಜೀವ ಬರುತ್ತದೆಂದು ತೊಟ್ಟಿಯನ್ನೂ ಮರಳನ್ನೂ ಹಾಗೆಯೇ ತೊಳೆದಿದ್ದಳು. ಒಣನೆಲದ ಹುಳುವಿಗೆ ಅದರಿಂದ ಕ್ಷೇಮ, ನೀರಲ್ಲಿರುವ ಮೀನಿಗೆ ಸಾವು. ನಾನಾದರೂ ವಾಸನೆ ಹಿಡಿಯಬೇಕಿತ್ತು. ಮೂವತ್ತು ವರ್ಷ ಫಾರ್ಮಲಿನ್ ಕುಡಿದ ಮೂಗು ಏನು ಹಿಡಿದೀತು! ಲ್ಯಾಬಿನವನೆಂದು ಬೀಗುತ್ತಿದ್ದವನಿಗೆ ಒಂದು ಬಕೆಟ್ ನೀರಿನ ಯೋಗ್ಯತೆ ಗೊತ್ತಾಗಲಿಲ್ಲ.

"ನನ್ ಕೈ ಓಯ್ತು ಕಣ್ಲಾ. ಇನ್ನೇನೂ ಉಳಿಯಲ್ಲ ನನ್ ಕೈಲಿ" ಎಂದು ಅಕ್ಕ ಬಾಗಿಲು ಹಾಕಿದಳು.

ಆ ಮಾತು ನನ್ನನ್ನು ಬಹಳ ನೋಯಿಸಿತು. ನಲವತ್ತು ವರ್ಷದ ಕೈ ಅದು. ಅದರ ಮೇಲಿದ್ದ ನಂಬಿಕೆಯನ್ನು, ಭುಜದ ನೋವೂ ಕಿತ್ತುಕೊಳ್ಳದೆ ಬಿಟ್ಟಿದ್ದನ್ನು, ನಾನು ಹೋಗಿ ಕಿತ್ತುಕೊಂಡೆ. ಆಮೇಲೆ ನನಗೆ ನಿದ್ದೆಯಿಲ್ಲ, ನೆಲೆಯಿಲ್ಲ. ದಿನ ಬಿಟ್ಟು ದಿನ ಮಾಂಬಳ್ಳಿಗೆ ಓಡಿದೆ. ಹೊಸ ಮರಳು ತಂದೆ, ತೊಟ್ಟಿಯನ್ನು ಏಳು ಸಲ ತೊಳೆದು ಬಿಸಿಲಿಗಿಟ್ಟೆ. ಮೋಲಿ ಬೇಡ, ನೇರ ಕುದುರೆಯನ್ನೇ ತರಿಸುತ್ತೇನೆ ಎಂದು ಹಟ ಹಿಡಿದೆ.

ಒಂದು ಭಾನುವಾರ ಅಕ್ಕನ ಅಳಿಯ ಮಹೇಶ ಮನೆಯಲ್ಲಿದ್ದ. ಹನೂರಿನ ಕಡೆ ಫಾರೆಸ್ಟ್ ಗಾರ್ಡ್. ಊಟಕ್ಕೆ ಕೂತಿದ್ದವನು, ಈ ತೊಟ್ಟಿಗೆ ಏನು ಬಿಡುತ್ತೀರಿ ಎಂದು ಕೇಳಿದ. ಹೇಳಿದೆ. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು.

"ಮಾವ, ಸಮುದ್ರದ ಕುದ್ರೆಯಾ? ಕಾನೂನಲ್ಲಿ ಉಲಿ ಯಾವ್ ಪಟ್ಟೀಲದೋ ಅದೂ ಅದೇ ಪಟ್ಟೀಲದೆ. ಇಡ್ಯಂಗಿಲ್ಲ, ಮಾರಂಗಿಲ್ಲ, ಮನೇಲ್ ಸಾಕಂಗಿಲ್ಲ. ನೀವ್ ತಂದ್ರೆ ನಾನೇ ನಿಮ್ಮುನ್ನ ಜೀಪಿಗ್ ಅತ್ತುಸ್ಬೇಕಾಯ್ತದೆ."

ಕಿರುಬೆರಳಿನಷ್ಟು ಪ್ರಾಣಿಗೂ ಹುಲಿಗೂ ಒಂದೇ ಕಾನೂನು! ಏಳು ಸಲ ಅಂಗಡಿಗೆ, ಮೂರು ತಾಲ್ಲೂಕಿಗೆ ಹೋದವನು ಇದೊಂದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಉಲೀನ ತಂದು ಉಳದ್ ಮನೇಲಿ ಕಟ್ಟಕ್ ಓಗಿದ್ಯಲ್ಲೋ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ ಕಂಬಿ ಹಿಡಿದು ನಿಂತು ಬಂದೆ, ಸೀಟು ಖಾಲಿಯಿದ್ದರೂ. ಜಾಡಿಯೊಳಗಿನ ಆ ಬಾಗಿದ ಕತ್ತು ಕಣ್ಣ ಮುಂದಿತ್ತು. ನಾನದಕ್ಕೆ ಕೊಡಬಹುದಾಗಿದ್ದ ಒಳ್ಳೆಯ ನೀರೆಂದರೆ, ಅದು ಇದ್ದಲ್ಲಿನ ನೀರೇ.

ಅವತ್ತು ಥರ್ಮಾಮೀಟರನ್ನೂ ವಾಪಸು ತಂದು ಮೊಳೆಗೆ ಹಾಕಿದ್ದೆ. ಎರಡು ವಾರ ಮಾಂಬಳ್ಳಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ಅಕ್ಕ ಹನ್ನೊಂದಕ್ಕೆ ಎದ್ದು ಬಾಗಿಲು ತೆಗೆಯುವುದು, ಈಗ ಒಳಗೆ ಒಂದು ಖಾಲಿ ಗಾಜಿನ ಪೆಟ್ಟಿಗೆಯೂ ಕಾಣುವುದು, ಇದೇ ನೆನಪಾಗುತ್ತಿತ್ತು. ಹೊಸ ಮಳೆ ಬಿತ್ತು. ಥರ್ಮಾಮೀಟರ್ ತಾನಾಗಿ ಇಳಿಯಿತು, ನೋಡುವುದಕ್ಕೂ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. "ಬಾರ್ಲಾ. ತೊಟ್ಟಿ ನೋಡ್ಬಾ. ಬತ್ತಿ ಅಲ್ಗೆ ತಕಬಾ" ಎಂದು ಇಟ್ಟುಬಿಟ್ಟಳು. ಬತ್ತಿ ಹಲಗೆಯೆಂದರೆ ಥರ್ಮಾಮೀಟರು.

ಮಾಂಬಳ್ಳಿಗೆ ಹೋಗಿ, ಕಾಲು ತೊಳೆದು ಹುಳದ ಮನೆಯೊಳಗೆ ಹೋದೆ. ಗಿಡ್ಡ ಮೇಜಿನ ಮೇಲೆ ಅದೇ ತೊಟ್ಟಿ, ಬಾಯಿಗೆ ಸೊಳ್ಳೆಪರದೆಯ ತುಂಡು. ಮೇಜಿನ ಮುಂದೆ ಚಾಪೆ, ಚಾಪೆಯ ಮೇಲೆ ಅಕ್ಕ. ಪಕ್ಕದ ಬೀದಿಯವರ ಹತ್ತಿರ ಒಂದು ಹಿಡಿ ಎಳೆ ಹುಳು ಇಸಿದುಕೊಂಡು ಬಂದಿದ್ದಳಂತೆ. ಎತ್ತುವ ತಟ್ಟೆಯಿಲ್ಲ, ಇಳಿಸುವ ಸ್ಟ್ಯಾಂಡಿಲ್ಲ. ಕೂತಲ್ಲೇ ಎಡಗೈಯಲ್ಲಿ ಸೊಪ್ಪು ಉದುರಿಸಿದರೆ ಆಯಿತು. ನಲವತ್ತು ವರ್ಷ ಮೇಲಿನಿಂದ ಬಗ್ಗಿ ನೋಡಿದ ಹುಳುವನ್ನು ಈಗ ಗಾಜಿನ ಪಕ್ಕದಿಂದ, ಕಣ್ಣಿನ ಮಟ್ಟಕ್ಕೆ ನೋಡುತ್ತಿದ್ದಾಳೆ. ನಾನು ಏನೋ ಹೇಳಲು ಬಾಯಿ ತೆರೆದೆ.

"ಮೆತ್ತುಗ್ ಮಾತಾಡ್ಲಾ" ಎಂದು ಪಿಸುಗುಟ್ಟಿದಳು. "ಜ್ವರಕ್ ಕುಂತವೆ."

ಬಗ್ಗಿ ನೋಡಿದೆ. ಹಸಿರು ಕಡ್ಡಿಗಳ ಮೇಲೆ ಐವತ್ತೋ ಅರವತ್ತೋ ಬೆಳ್ಳಗಿನ ಹುಳು, ಒಂದೊಂದೂ ಹಿಂಗಾಲಿನಿಂದ ಕಡ್ಡಿ ಹಿಡಿದು, ಮುಂಮೈ ನೆಟ್ಟಗೆ ಎತ್ತಿ, ಕತ್ತು ಬಾಗಿಸಿ, ಗದ್ದ ಎದೆಗೆ ಒತ್ತಿಕೊಂಡು ಅಲ್ಲಾಡದೆ ನಿಂತಿದ್ದವು. ಹುಟ್ಟಿದಾರಭ್ಯ ನೋಡಿದ್ದ ಭಂಗಿ, ಪಕ್ಕದಿಂದ ನೋಡಿರಲಿಲ್ಲ ಅಷ್ಟೆ. ಕಣ್ಣಲ್ಲಿ ನೀರು ಬಂದು ಗಾಜು ಮಸುಕಾಯಿತು.

"ಏನಾರ ಮಾಡ್ಲಾ ಅಕ್ಕ? ಗೋಣಿ ನೆನೆಸ್ಲಾ? ಸೊಪ್ ತರ್ಲಾ?"

"ಏನೂ ಮಾಡಂಗಿಲ್ಲ. ನಾಳೆ ಏಳೋಗಂಟ ಏನೂ ಇಲ್ಲ. ಕುಂತ್ಕೊ."

ಥರ್ಮಾಮೀಟರನ್ನು ಅದರ ಹಳೆಯ ಮೊಳೆಗೆ ಹಾಕಿ, ಬಟ್ಟಲಿಗೆ ನೀರು ತುಂಬಿ, ಚಾಪೆಯ ಮೇಲೆ ಕೂತೆ. ಅಕ್ಕ ಸೆರಗಿನ ಗಂಟಿನಿಂದ ನಾಲ್ಕು ಹುಣಸೆ ಬೀಜ ತೆಗೆದಳು. ನೆಲದ ಮೇಲೆ ಚೌಕಾಬಾರದ ಮನೆ ಆಗಲೇ ಬರೆದಿಟ್ಟಿದ್ದಳು. ಮೊದಲ ಆಟದಲ್ಲೇ ಮೋಸ ಮಾಡಿದಳು, ನಾನು ಕಿರುಚಲಿಲ್ಲ. ನಡುಮನೆಯ ಗಡಿಯಾರ ಹನ್ನೊಂದು ಹೊಡೆದದ್ದು ಇಬ್ಬರಿಗೂ ಕೇಳಿಸಿತು. ಅಕ್ಕ ಏಳಲಿಲ್ಲ. ನಾನೂ ಏಳಲಿಲ್ಲ.